ಒಂದೇ ಮನೆಗೆ ಎರಡು ಪೆರ್ನಾಲ್

2025ರಲ್ಲಿ ಸೌದಿ, ಯುಎಇ, ಕತರ್, ಕುವೈತ್, ಬಹರೈನ್‌ನಲ್ಲಿ ಚೆರಿಯ ಪೆರ್ನಾಲ್ ಮಾರ್ಚ್ 30ಕ್ಕೆ ಆಯಿತು. ನಮ್ಮ ದಕ್ಷಿಣ ಕನ್ನಡ, ಉಡುಪಿಯಲ್ಲಿ ಮಾರ್ಚ್ 31ಕ್ಕೆ. ಒಮಾನ್‌ನಲ್ಲಿ ಕೂಡ 31ಕ್ಕೇ. ಈಗ ಲೆಕ್ಕ ಹಾಕಿ ನೋಡಿ. ಒಬ್ಬ ಮಗ ದಮಾಮ್‌ನಲ್ಲಿ, ಇನ್ನೊಬ್ಬ ಮಸ್ಕತ್‌ನಲ್ಲಿ, ಉಮ್ಮ ಊರಿನಲ್ಲಿ. ದಮಾಮ್‌ನ ಮಗ ಹೊಸ ಬಟ್ಟೆ ಹಾಕಿ ಸಲಾಂ ಹೇಳಲು ಫೋನ್ ಮಾಡುವಾಗ ಉಮ್ಮನಿಗೆ ಇನ್ನೂ ನೋಂಬು. ಮರುದಿನ ಉಮ್ಮ ಬಿರಿಯಾನಿಯ ದಮ್ ತೆಗೆದು ಫೋನ್ ಮಾಡುವಾಗ ಆ ಮಗನ ಪೆರ್ನಾಲ್ ನಿನ್ನೆಗೇ ಮುಗಿದಿದೆ. ಅಂಗಡಿ ಕೆಲಸದವನಾದರೆ ಅವನು ಆಗಲೇ ಕೌಂಟರಿನಲ್ಲಿ ನಿಂತಿರುತ್ತಾನೆ.

ಅದಕ್ಕೂ ಹಿಂದಿನ ವರ್ಷ ಇದರ ತಿರುವುಮುರುವು. 2024ರಲ್ಲಿ ಏಪ್ರಿಲ್ 10ರಂದು ಕೊಲ್ಲಿ ರಾಷ್ಟ್ರಗಳಲ್ಲೂ ಕೇರಳದಲ್ಲೂ ನಮ್ಮ ಕರಾವಳಿಯಲ್ಲೂ ಒಂದೇ ದಿನ ಪೆರ್ನಾಲ್. ಬೆಂಗಳೂರಿನಲ್ಲಿ ಮಾತ್ರ ಏಪ್ರಿಲ್ 11ಕ್ಕೆ. ಜಿದ್ದಾದಲ್ಲಿದ್ದವ ಊರಿನವರ ಜೊತೆಗೇ ಪೆರ್ನಾಲ್ ಮಾಡಿದ, ಬಸ್ಸಿನಲ್ಲಿ ಒಂದು ರಾತ್ರಿಯ ದಾರಿಯಲ್ಲಿದ್ದವ ಒಂದು ದಿನ ಹಿಂದೆ ಬಿದ್ದ!

ಚಂದ್ರನ ಲೆಕ್ಕ ಹೇಗೂ ಇರಲಿ. ನಮ್ಮ ಸಮುದಾಯದಲ್ಲಿ ಒಂದೇ ಮನೆ ಎರಡು ಕಡೆ ಎರಡು ಪೆರ್ನಾಲ್ ಮಾಡುವುದು ಈಗ ನಾಲ್ಕೈದು ದಶಕಗಳ ಸಂಗತಿ. ಗಲ್ಫ್ ಹಣದಿಂದ ಮನೆ ಕಟ್ಟಿದ್ದು, ತಂಗಿಯಂದಿರ ಮದುವೆ ಆದದ್ದು, ಮಕ್ಕಳು ಕಲಿತದ್ದು ಎಲ್ಲ ನಾವು ಮಾತಾಡುತ್ತೇವೆ. ಅಲ್ಲಿ ದುಡಿದವ ಕಳಕೊಂಡ ಪೆರ್ನಾಲ್‌ಗಳ ಲೆಕ್ಕವನ್ನು ಮಾತ್ರ ಯಾರೂ ಇಡುವುದಿಲ್ಲ. ಇಪ್ಪತ್ತೈದು ವರ್ಷ ಅಲ್ಲಿದ್ದವನಿಗೆ ಚೆರಿಯ ಪೆರ್ನಾಲ್, ಬಲಿಯ ಪೆರ್ನಾಲ್ ಸೇರಿ ಐವತ್ತು ಪೆರ್ನಾಲ್. ಅದರಲ್ಲಿ ಊರಿನಲ್ಲಿ ಸಿಕ್ಕಿದ್ದು ಎಷ್ಟು ಎಂದು ನಿಮ್ಮ ಮನೆಯಲ್ಲಿರುವ ಹಳೆಯ ಗಲ್ಫ್‌ನವರಲ್ಲಿ ಒಮ್ಮೆ ಕೇಳಿ ನೋಡಿ. ಬೆರಳಲ್ಲಿ ಎಣಿಸಿ ಹೇಳುತ್ತಾರೆ.

ಕಾಗದದಿಂದ ಬೋಟಿಮ್‌ವರೆಗೆ

ಮೊದಲು ಹೋದವರು ಮುಂಬೈಗೆ ಹೋಗಿ ಅಲ್ಲಿಂದ ಹಡಗು ಹತ್ತಿದವರು. ಆಮೇಲೆ ವಿಮಾನ ಬಂದರೂ ಅದು ಮುಂಬೈಯಿಂದಲೇ. ಮಂಗಳೂರಿನಿಂದ ನೇರ ದುಬೈಗೆ ವಿಮಾನ ಶುರುವಾದದ್ದು 2006ರಲ್ಲಿ. ಅಲ್ಲಿಯವರೆಗೆ ಊರಿಗೆ ಬರುವುದೆಂದರೆ ವಿಮಾನದ ಮೇಲೆ ಒಂದು ರಾತ್ರಿ ಬಸ್ಸಿನ ಪ್ರಯಾಣ, ತಲೆಯ ಮೇಲೆ ಹಗ್ಗ ಕಟ್ಟಿದ ಪೆಟ್ಟಿಗೆ. ಪೆರ್ನಾಲ್‌ಗೆಂದು ನಾಲ್ಕು ದಿನಕ್ಕೆ ಬಂದು ಹೋಗುವ ಮಾತೇ ಇರಲಿಲ್ಲ.

ಪೆರ್ನಾಲ್‌ನ ಕಾಗದ ರಮಳಾನ್ ಶುರುವಾಗುವಾಗಲೇ ಪೋಸ್ಟ್ ಆಗಬೇಕಿತ್ತು. ಓದು ಬಾರದ ಉಮ್ಮಂದಿರಿಗೆ ಪಕ್ಕದ ಮನೆಯ ಶಾಲೆಗೆ ಹೋಗುವ ಹುಡುಗಿ ಓದಿ ಹೇಳುತ್ತಿದ್ದಳು. ಹೆಂಡತಿಗೆ ಬರೆದ ಎರಡು ಸಾಲನ್ನು ಆ ಹುಡುಗಿ ನಾಚಿ ನುಂಗಿಬಿಡುತ್ತಿದ್ದಳು. ಮತ್ತೆ ಟೇಪ್ ರೆಕಾರ್ಡರ್ ಬಂತು. ಕ್ಯಾಸೆಟ್‌ನಲ್ಲಿ ಮಾತು ತುಂಬಿಸಿ ಊರಿಗೆ ಬರುವವರ ಕೈಯಲ್ಲಿ ಕಳಿಸುವುದು. 1970ರ ದಶಕದಲ್ಲಿ ಎಸ್. ಎ. ಜಮೀಲ್ ಅವರ 'ದುಬೈ ಕತ್ತ್' ಹಾಡು ಮಲಬಾರಿನಲ್ಲಿ ಮನೆಮಾತಾಯಿತು. ಊರಿನಲ್ಲಿ ಉಳಿದ ಹೆಂಡತಿ ದುಬೈಯ ಗಂಡನಿಗೆ ಬರೆಯುವ ಕಾಗದದ ರೂಪದ ಹಾಡು ಅದು. ಮಾಪ್ಪಿಳ ಪಾಟ್ ಕೇಳಿ ಬೆಳೆದ ನಮ್ಮ ಕಡೆಯ ಮನೆಗಳಿಗೆ ಅದನ್ನು ಯಾರೂ ಅರ್ಥ ಮಾಡಿಸಿ ಹೇಳಬೇಕಾಗಿರಲಿಲ್ಲ.

ಈಗ ಫೋನ್‌ನಲ್ಲೇ ಮುಖ ಕಾಣುತ್ತದೆ. ಯುಎಇಯಲ್ಲಿ ವಾಟ್ಸ್‌ಆ್ಯಪ್ ಕಾಲ್ ನಡೆಯುವುದಿಲ್ಲ, ಹಾಗಾಗಿ ಊರಿನ ಅಜ್ಜಿಯಂದಿರ ಫೋನಿನಲ್ಲಿ ಕೂಡ ಬೋಟಿಮ್ ಇದೆ. ಪೆರ್ನಾಲ್ ಬೆಳಿಗ್ಗೆ ಅದನ್ನು ಕಿಟಕಿಗೆ ಒರಗಿಸಿಟ್ಟು ಒಬ್ಬೊಬ್ಬರಾಗಿ ಮುಖ ತೋರಿಸಿ ಹೋಗುತ್ತಾರೆ. ಎರಡು ನಿಮಿಷ ಆಗುವಾಗ ಮಾತು ಮುಗಿಯುತ್ತದೆ. ಊಟ ಆಯ್ತಾ, ಏನು ಮಾಡಿದ್ದೀರಿ, ಮಕ್ಕಳೆಲ್ಲಿ. ಮತ್ತೆ ಸ್ವಲ್ಪ ಹೊತ್ತು ಇಬ್ಬರೂ ಸುಮ್ಮನೆ. ಕಾಗದದ ಕಾಲದಲ್ಲಿ ಒಂದು ತಿಂಗಳ ಮಾತು ನಾಲ್ಕು ಪುಟದಲ್ಲಿ ಇರುತ್ತಿತ್ತು. ಈಗ ದಿನಾ ಮಾತಾಡುವುದರಿಂದ ಪೆರ್ನಾಲ್‌ಗೆ ಬೇರೆ ಮಾತೇ ಉಳಿದಿರುವುದಿಲ್ಲ.

ಅಲ್ಲಿಯ ಪೆರ್ನಾಲ್ ಹೇಗಿರುತ್ತದೆ

ಹೋಗದವರಿಗೆ ಇದು ಗೊತ್ತಿರುವುದಿಲ್ಲ, ಹೋದವರು ಹೇಳುವುದೂ ಕಡಿಮೆ. ಗಲ್ಫ್‌ನಲ್ಲಿ ಪೆರ್ನಾಲ್ ನಮಾಝ್ ಸೂರ್ಯೋದಯ ಆಗಿ ಹದಿನೈದು ಇಪ್ಪತ್ತು ನಿಮಿಷಕ್ಕೇ. ಸುಬ್‌ಹಿ ನಮಾಝ್ ಮುಗಿಸಿ ಅಲ್ಲಿಯೇ ಕೂತರೆ ಸರಿ, ಇಲ್ಲದಿದ್ದರೆ ತಪ್ಪಿ ಹೋಗುತ್ತದೆ. ನಮ್ಮ ಊರಿನ ಹಾಗೆ ಎಣ್ಣೆ ಹಚ್ಚಿ ಸ್ನಾನ ಮಾಡಿ, ತಿಂಡಿ ತಿಂದು, ತಕ್ಬೀರ್ ಕೇಳುತ್ತಾ ಎಂಟು ಗಂಟೆಗೆ ಮಸೀದಿಗೆ ನಡೆಯುವ ಅವಕಾಶ ಇಲ್ಲ. ಏಳು ಗಂಟೆಗೆಲ್ಲ ಎಲ್ಲ ಮುಗಿದಿರುತ್ತದೆ. ಸಾಲಿನಲ್ಲಿ ಪಕ್ಕದಲ್ಲಿದ್ದವ ಪಾಕಿಸ್ತಾನದವನೋ ಸುಡಾನ್‌ನವನೋ ಬಾಂಗ್ಲಾದವನೋ, ಅಪ್ಪಿ ಈದ್ ಮುಬಾರಕ್ ಹೇಳುತ್ತಾನೆ. ಆ ಅಪ್ಪುಗೆ ಸುಳ್ಳಲ್ಲ. ಆದರೆ ಅವನಿಗೆ ನಿಮ್ಮ ಹೆಸರು ಗೊತ್ತಿಲ್ಲ.

ಮತ್ತೆ ರೂಮಿಗೆ. ದೇರಾದಲ್ಲೋ ಶಾರ್ಜಾದ ರೋಲಾದಲ್ಲೋ ರಿಯಾದಿನ ಬತ್ಹಾದಲ್ಲೋ ಒಂದು ಕೋಣೆ, ಮೇಲೆ ಕೆಳಗೆ ಮಂಚ, ಎಂಟು ಜನ. ನಾನು ಶಾರ್ಜಾದಲ್ಲಿದ್ದ ವರ್ಷಗಳಲ್ಲಿ ನಮ್ಮ ರೂಮಿನ ನಿಯಮ ಹೀಗಿತ್ತು: ನಮಾಝ್ ಮುಗಿಸಿ ಬಂದವರೆಲ್ಲ ಮಲಗುವುದು, ಹನ್ನೊಂದಕ್ಕೆ ಎದ್ದು ಬಿರಿಯಾನಿಗೆ ಈರುಳ್ಳಿ ಕತ್ತರಿಸುವುದು. ಬಿರಿಯಾನಿ ಚೆನ್ನಾಗಿಯೇ ಆಗುತ್ತಿತ್ತು. ಬಂಟ್ವಾಳದ ಒಬ್ಬರು ಕೈ ಹಾಕಿದರೆ ಊರಿನ ಮದುವೆ ಮನೆಯ ರುಚಿ. ನೆಲಕ್ಕೆ ಪೇಪರ್ ಹಾಸಿ ಎಲ್ಲರೂ ಸುತ್ತ ಕೂತು ತಿಂದು, ಫೋಟೋ ತೆಗೆದು ಊರಿಗೆ ಕಳಿಸಿ, ಮತ್ತೆ ಮಲಗುವುದು. ಅಲ್ಲಿಯ ಪೆರ್ನಾಲ್ ಎಂದರೆ ನಿದ್ದೆಯ ಹಬ್ಬ ಎಂದು ನಾವೇ ನಗುತ್ತಿದ್ದೆವು.

ಇದು ರಜೆ ಸಿಕ್ಕಿದವರ ಕತೆ. ಬಟ್ಟೆ ಅಂಗಡಿ, ಅತ್ತರ್ ಅಂಗಡಿ, ಬೇಕರಿ, ಸೂಪರ್ ಮಾರ್ಕೆಟ್, ಹೋಟೆಲಿನಲ್ಲಿ ಇರುವವರಿಗೆ ಪೆರ್ನಾಲ್ ಎಂದರೆ ವರ್ಷದ ಅತಿ ಹೆಚ್ಚು ವ್ಯಾಪಾರದ ದಿನಗಳು. ರಮಳಾನ್‌ನ ಕೊನೆಯ ಹತ್ತು ದಿನ ರಾತ್ರಿ ಎರಡು ಮೂರು ಗಂಟೆಯವರೆಗೆ ಕೆಲಸ. ಬೇರೆಯವರ ಮಕ್ಕಳಿಗೆ ಹೊಸ ಬಟ್ಟೆ ಅಳತೆ ನೋಡಿ ಕೊಡುವವನು ತನ್ನ ಮಗಳ ಅಳತೆಯನ್ನು ಫೋನಿನಲ್ಲಿ ಕೇಳಿ ಅಂದಾಜಿನಲ್ಲಿ ಕಟ್ಟಿಸುತ್ತಾನೆ. ಊರಿಗೆ ತಲುಪುವಾಗ ಅವಳು ಆ ಅಳತೆಯನ್ನು ದಾಟಿ ಬೆಳೆದಿರುತ್ತಾಳೆ.

ಬಿರಿಯಾನಿ ಸಿಗುತ್ತದೆ, ನೈಪತ್ತಿರ್ ಸಿಗುವುದಿಲ್ಲ

ಗಲ್ಫ್‌ನಲ್ಲಿ ಏನು ಸಿಗುವುದಿಲ್ಲ ಎಂದು ಕೇಳಬೇಡಿ. ಊರಿನ ತೆಂಗಿನಕಾಯಿ, ಕುಚ್ಚಲಕ್ಕಿ, ಕರಿಬೇವು, ಬಾಳೆ ಎಲೆ ಎಲ್ಲ ಸಿಗುತ್ತದೆ. ಬಿರಿಯಾನಿಯಂತೂ ಗಲ್ಲಿಗೊಂದು ಹೋಟೆಲಿನಲ್ಲಿ. ಆದರೆ ಹಬ್ಬದ ರುಚಿ ಹೋಟೆಲಿನಲ್ಲಿ ಸಿಗುವ ಪದಾರ್ಥದಲ್ಲಿ ಇರುವುದಲ್ಲ.

ನೈಪತ್ತಿರ್ ನೋಡಿ. ಅಕ್ಕಿ ನೆನೆ ಹಾಕಿ, ತೆಂಗಿನಕಾಯಿ, ಸಣ್ಣ ಈರುಳ್ಳಿ, ಜೀರಿಗೆ ಸೇರಿಸಿ ತರಿತರಿಯಾಗಿ ಕಡೆಯಬೇಕು. ಉಂಡೆ ಮಾಡಿ ಬಾಳೆ ಎಲೆಯ ಮೇಲೆ ತಟ್ಟಬೇಕು. ಎಣ್ಣೆಗೆ ಬಿಟ್ಟಾಗ ಉಬ್ಬಿ ಬರಬೇಕು. ಒಬ್ಬರಿಂದ ಆಗುವ ಕೆಲಸ ಅಲ್ಲ. ಒಬ್ಬರು ತಟ್ಟಬೇಕು, ಒಬ್ಬರು ಬಾಣಲೆಯ ಹತ್ತಿರ ಇರಬೇಕು, ಬಿಸಿ ಬಿಸಿ ಒಯ್ದು ಕೊಡಲು ಒಬ್ಬರು. ತೆಳ್ಳಗಿನ ಪತ್ತಿರ್ ಆದರೂ ಹಾಗೆಯೇ. ಬಿಸಿ ನೀರಿನಲ್ಲಿ ಹಿಟ್ಟು ಕಲಸಿ, ಲಟ್ಟಿಸಿ, ಕಾವಲಿಯಲ್ಲಿ ಕಾಯಿಸಿ, ತೆಂಗಿನ ಹಾಲಿನಲ್ಲಿ ಅದ್ದಿ ಇಡುವುದು. ಪಿಂಡಿಯ ಸಣ್ಣ ಸಣ್ಣ ಉಂಡೆ ಕಟ್ಟಲು ಕೂತರೆ ನಾಲ್ಕು ಹೆಂಗಸರಿಗೆ ಅರ್ಧ ರಾತ್ರಿ. ಆ ಅರ್ಧ ರಾತ್ರಿಯೇ ಪೆರ್ನಾಲ್. ಅತ್ತಿಗೆ ನಾದಿನಿಯರ ಕುಶಾಲು, ಮಕ್ಕಳ ಕೈಗೆ ಮೈಲಾಂಜಿ, ಚಂದ್ರ ಕಂಡಿತಾ ಎಂದು ಮಸೀದಿಗೆ ಓಡುವ ಹುಡುಗರು, ಖಾಝಿಯವರ ಘೋಷಣೆ ಬಂತು ಎಂದ ಕೂಡಲೇ ಮೈಕಿನಿಂದ ತಕ್ಬೀರ್. ರೂಮಿನಲ್ಲಿ ಎಂಟು ಗಂಡಸರು ಸೇರಿದರೆ ಬಿರಿಯಾನಿ ಆಗುತ್ತದೆ. ಈ ರಾತ್ರಿ ಆಗುವುದಿಲ್ಲ.

ಇನ್ನೊಂದು ಸಂಗತಿಯನ್ನು ಗಂಡಸರು ಬಾಯಿ ಬಿಟ್ಟು ಹೇಳುವುದೇ ಇಲ್ಲ. ಪೆರ್ನಾಲ್ ನಮಾಝ್ ಮುಗಿದ ಮೇಲೆ ಊರಿನಲ್ಲಿ ನಾವು ನೇರ ಮನೆಗೆ ಬರುವುದಿಲ್ಲ. ಮಸೀದಿಯ ಪಕ್ಕದ ದಫನ ಭೂಮಿಗೆ ಹೋಗಿ ತೀರಿಹೋದ ಹಿರಿಯರ ಖಬರ್ ಹತ್ತಿರ ನಿಂತು ದುಆ ಮಾಡುತ್ತೇವೆ. ತಂದೆ ತೀರಿದಾಗ ಬರಲು ಆಗದವರು ನಮ್ಮಲ್ಲಿ ಎಷ್ಟು ಮಂದಿ ಇಲ್ಲ? ಪಾಸ್‌ಪೋರ್ಟ್ ಕಫೀಲನ ಕೈಯಲ್ಲಿ, ಟಿಕೆಟ್ ಇಲ್ಲ, ರಜೆ ಇಲ್ಲ. ಮಯ್ಯತ್ ಎತ್ತುವುದನ್ನು ಫೋನಿನಲ್ಲಿ ನೋಡಿದವರು ಇದ್ದಾರೆ, ಫೋನೂ ಇಲ್ಲದ ಕಾಲದಲ್ಲಿ ಹದಿನೈದು ದಿನದ ನಂತರ ಕಾಗದದಲ್ಲಿ ಓದಿದವರೂ ಇದ್ದಾರೆ. ಅಂಥವರಿಗೆ ಪೆರ್ನಾಲ್ ಬೆಳಿಗ್ಗೆ ಆ ಖಬರ್ ಹತ್ತಿರ ಹತ್ತು ನಿಮಿಷ ನಿಲ್ಲುವುದೇ ಹಬ್ಬ. ಅದು ಬಿರಿಯಾನಿಯಿಂದ ತುಂಬುವುದಿಲ್ಲ.

ಆಮೇಲೆ ಮನೆ ಮನೆ ಭೇಟಿ. ಮಾವಂದಿರ ಮನೆ, ಮದುವೆಯಾದ ಅಕ್ಕಂದಿರ ಮನೆ, ಉಸ್ತಾದರು, ಹಿಂದೂ ನೆರೆಯವರಿಗೆ ಬಿರಿಯಾನಿಯ ಪಾತ್ರೆ. ಹೊಸತಾಗಿ ಮದುವೆಯಾದ ಪುದಿಯಾಪ್ಲೆಗೆ ಹೆಂಡತಿ ಮನೆಯ ಮೊದಲ ಪೆರ್ನಾಲ್ ಔತಣ. ಮದುವೆಯಾಗಿ ಒಂದು ತಿಂಗಳಿಗೆ ವಿಮಾನ ಹತ್ತಿದವನಿಗೆ ಅದೂ ಇಲ್ಲ. ಎರಡು ವರ್ಷದ ನಂತರ ಬರುವಾಗ ಅವನು ಪುದಿಯಾಪ್ಲೆ ಅಲ್ಲ, ಒಂದು ಮಗುವಿನ ತಂದೆ. ಮಗು ಅವನನ್ನು ಕಂಡು ಅಳುತ್ತದೆ.

ಯಾಕೆ ಬರುವುದಿಲ್ಲ?

'ನಾಲ್ಕು ದಿನಕ್ಕಾದರೂ ಬಂದು ಹೋಗಬಾರದಾ' ಎಂದು ಊರಿನವರು ಕೇಳುತ್ತಾರೆ. ಕೇಳುವುದು ಪ್ರೀತಿಯಿಂದಲೇ. ಆದರೆ ಲೆಕ್ಕ ಅಷ್ಟು ಸುಲಭ ಇಲ್ಲ.

ಮೊದಲನೆಯದು ಟಿಕೆಟ್. ಪೆರ್ನಾಲ್ ಹತ್ತಿರ ಬಂದರೆ ಮಂಗಳೂರು ಟಿಕೆಟ್ ದರ ಎರಡು ಮೂರು ಪಟ್ಟು ಏರುವುದು ಎಲ್ಲರಿಗೂ ಗೊತ್ತು. ಐದು ಜನರ ಸಂಸಾರ ಬಂದು ಹೋದರೆ ಹಲವು ತಿಂಗಳ ಉಳಿತಾಯ ಮುಗಿಯಿತು. ಎರಡನೆಯದು ರಜೆ. ಅನೇಕ ಕಂಪೆನಿಗಳಲ್ಲಿ ಎರಡು ವರ್ಷಕ್ಕೊಮ್ಮೆ ಊರು. ಆ ರಜೆಯನ್ನು ಮನೆ ಕೆಲಸ, ಮದುವೆ, ತಂದೆ ತಾಯಿಯ ಆಸ್ಪತ್ರೆಗೆಂದು ತೆಗೆದಿಡಬೇಕು.

ಮೂರನೆಯದು ಶಾಲೆ. ಯುಎಇಯಲ್ಲಿ ಮಕ್ಕಳಿಗೆ ದೊಡ್ಡ ರಜೆ ಜುಲೈ, ಆಗಸ್ಟ್‌ನಲ್ಲಿ. ಪೆರ್ನಾಲ್ ಪ್ರತಿ ವರ್ಷ ಹತ್ತು ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತದೆ. 2012ರಿಂದ 2016ರವರೆಗೆ ಚೆರಿಯ ಪೆರ್ನಾಲ್ ಜುಲೈ, ಆಗಸ್ಟ್‌ನಲ್ಲಿಯೇ ಬಂದಿತ್ತು. ಮಳೆಗಾಲದ ಆ ಪೆರ್ನಾಲ್‌ಗಳಿಗೆ ಮಕ್ಕಳ ಜೊತೆ ಬಂದವರು ಇದ್ದಾರೆ. ಬಲಿಯ ಪೆರ್ನಾಲ್ 2018ರಿಂದ 2022ರವರೆಗೆ ಆ ತಿಂಗಳುಗಳಲ್ಲಿ ಬಂತು. ಅದರಲ್ಲಿ ಎರಡು ವರ್ಷವನ್ನು ಕೊರೋನಾ ತಿಂದಿತು. ಈಗ ಎರಡೂ ಶಾಲೆ ನಡೆಯುವ ತಿಂಗಳುಗಳಿಗೆ ಸರಿದಿವೆ. ಚೆರಿಯ ಪೆರ್ನಾಲ್ ಪುನಃ ಆಗಸ್ಟ್‌ಗೆ ಬರಬೇಕಾದರೆ 2044ರ ಆಸುಪಾಸು ಆಗಬೇಕು. ಈಗ ಒಂದನೇ ತರಗತಿಯಲ್ಲಿರುವ ಮಗು ಆಗ ತನ್ನದೇ ಸಂಸಾರದಲ್ಲಿರುತ್ತದೆ.

ಹಾಗಾದರೆ ಕುಟುಂಬವನ್ನೇ ಅಲ್ಲಿಗೆ ಕರೆಸಬಹುದಲ್ಲ? ಯುಎಇಯಲ್ಲಿ ಹೆಂಡತಿ ಮಕ್ಕಳನ್ನು ಕರೆಸಲು ಕನಿಷ್ಠ 4,000 ದಿರ್ಹಮ್ ಸಂಬಳ, ಅಥವಾ 3,000 ಮತ್ತು ವಾಸದ ವ್ಯವಸ್ಥೆ ಇರಬೇಕು. ಬೆಡ್ ಸ್ಪೇಸ್‌ನಲ್ಲಿ ಮಲಗುವ ನಮ್ಮ ಎಷ್ಟೋ ಹುಡುಗರ ಸಂಬಳ ಅದಕ್ಕಿಂತ ಕೆಳಗೆ. ಸೌದಿಯಲ್ಲಿ 2017ರ ಜುಲೈಯಿಂದ ಜೊತೆಗಿರುವ ಕುಟುಂಬದ ಪ್ರತಿ ಸದಸ್ಯನಿಗೆ ತಿಂಗಳಿಗೆ 100 ರಿಯಾಲ್ ಶುಲ್ಕ ಶುರುವಾಯಿತು. ವರ್ಷಕ್ಕೆ 100ರಂತೆ ಏರಿ 2020ಕ್ಕೆ 400 ಆಯಿತು. ಹೆಂಡತಿ ಮತ್ತು ಮೂರು ಮಕ್ಕಳಿದ್ದರೆ ತಿಂಗಳಿಗೆ 1,600, ವರ್ಷಕ್ಕೆ 19,200 ರಿಯಾಲ್. ಮನೆ ಬಾಡಿಗೆ, ಶಾಲೆ ಫೀಸು ಬೇರೆ. ಆ ವರ್ಷಗಳಲ್ಲಿ ಎಷ್ಟೋ ಕುಟುಂಬಗಳು ಸಾಮಾನು ಕಟ್ಟಿ ಊರಿಗೆ ಬಂದವು, ಗಂಡಸರು ಪುನಃ ರೂಮು ಸೇರಿದರು. ಹತ್ತು ವರ್ಷ ಮಕ್ಕಳ ಜೊತೆ ಪೆರ್ನಾಲ್ ಮಾಡಿ ಮತ್ತೆ ಒಬ್ಬನೇ ಮಾಡುವುದು ಮೊದಲಿನಿಂದ ಒಬ್ಬನೇ ಇದ್ದುದಕ್ಕಿಂತ ಕಷ್ಟ.

ಕೊರೋನಾ ವರ್ಷವನ್ನು ನೆನಪಿಸಬೇಕು. 2020ರ ಮೇ 12ರಂದು ದುಬೈಯಿಂದ ಮಂಗಳೂರಿಗೆ ಮೊದಲ ವಿಶೇಷ ವಿಮಾನ ಬಂತು. ಮೇ 24ಕ್ಕೆ ಪೆರ್ನಾಲ್. ಬಂದವರು ಕ್ವಾರಂಟೈನ್‌ನಲ್ಲಿ, ಬಾರದವರು ರೂಮಿನಲ್ಲಿ ಬಾಗಿಲು ಹಾಕಿ, ಊರಿನಲ್ಲಿ ಈದ್ಗಾ ಖಾಲಿ. ಆ ಒಂದು ವರ್ಷ ಊರಿನವರೂ ಗಲ್ಫ್‌ನವರ ಹಾಗೆ ಪೆರ್ನಾಲ್ ಮಾಡಿದರು. ಮನೆಯೊಳಗೇ ನಮಾಝ್, ಯಾರ ಮನೆಗೂ ಹೋಗುವ ಹಾಗಿಲ್ಲ, ಫೋನಿನಲ್ಲೇ ಸಲಾಂ. ನಮಗೆ ಅದು ಒಂದು ವರ್ಷದ ಕಷ್ಟ. ಅವರಿಗೆ ಅದು ಹೆಚ್ಚುಕಡಿಮೆ ಪ್ರತಿ ವರ್ಷದ ಕತೆ.

ಅಲ್ಲಿಯೇ ಹುಟ್ಟಿದ ಮಕ್ಕಳು

ಕುಟುಂಬ ಜೊತೆಗಿರುವವರಿಗೆ ಬೇರೆ ಚಿಂತೆ. ತಾವು ಕಳಕೊಂಡದ್ದು ಏನೆಂದು ತಮಗೆ ಗೊತ್ತು. ಮಕ್ಕಳಿಗೆ ಕಳಕೊಂಡದ್ದೇ ಗೊತ್ತಿಲ್ಲ. ಅವರ ಪೆರ್ನಾಲ್ ಎಂದರೆ ಮಾಲ್, ಪಾರ್ಕ್, ಪಟಾಕಿಯ ಬೆಳಕು, ಈದಿಯಾದ ಹೊಸ ನೋಟು. ಅದರಲ್ಲಿ ತಪ್ಪೇನೂ ಇಲ್ಲ, ಅದೂ ಖುಷಿಯೇ. ಆದರೆ ಊರಿಗೆ ಬಂದಾಗ ಅಜ್ಜಿ ಬ್ಯಾರಿಯಲ್ಲಿ ಏನೋ ಕೇಳಿದರೆ ಇಂಗ್ಲಿಷ್‌ನಲ್ಲಿ ಉತ್ತರ ಕೊಡುತ್ತಾರೆ. ಶಾಲೆಯಲ್ಲಿ ಹಿಂದಿ, ಅರಬಿ ಉಂಟು, ಕನ್ನಡ ಇಲ್ಲ. ಬ್ಯಾರಿಯಂತೂ ಮನೆಯೊಳಗಿನ ಮಾತು. ಮನೆಯಲ್ಲಿ ಆಡದಿದ್ದರೆ ಅದಕ್ಕೆ ಬೇರೆ ಶಾಲೆ ಇಲ್ಲ. 2009ರಲ್ಲಿ ಸರಕಾರ ಬ್ಯಾರಿ ಸಾಹಿತ್ಯ ಅಕಾಡೆಮಿ ಸ್ಥಾಪಿಸಿತು, ಪುಸ್ತಕಗಳು ಬಂದವು. ಆದರೆ ಮೈಲಾಂಜಿ ಹಚ್ಚುವಾಗ ಅಜ್ಜಿ ಆಡುವ ಮಾತನ್ನು ಅಜ್ಜಿಯೇ ಆಡಬೇಕು.

ಈ ವಿಷಯದಲ್ಲಿ ಅಲ್ಲಿಯ ನಮ್ಮ ಸಂಘಟನೆಗಳ ಕೆಲಸವನ್ನು ಮರೆಯಬಾರದು. ದುಬೈಯ ಬ್ಯಾರೀಸ್ ಕಲ್ಚರಲ್ ಫೋರಂ, ಅಬುಧಾಬಿಯ ಬ್ಯಾರೀಸ್ ವೆಲ್ಫೇರ್ ಫೋರಂನಂಥವರು ನಡೆಸುವ ಇಫ್ತಾರ್ ಕೂಟಗಳಲ್ಲಿ ಊರಿನ ಹತ್ತು ಮುಖ ಒಟ್ಟಿಗೆ ಸಿಗುತ್ತದೆ. ರೂಮಿನಲ್ಲಿ ಒಬ್ಬನೇ ಇರುವ ಹೊಸ ಹುಡುಗನಿಗೆ ಅಲ್ಲಿ ಕೇಳುವ ನಾಲ್ಕು ಬ್ಯಾರಿ ಮಾತು ದೊಡ್ಡ ಸಮಾಧಾನ.

ಊರಿನ ದೊಡ್ಡ ಮನೆಗಳು

ಈ ಕಡೆಯ ಕತೆಯನ್ನೂ ಹೇಳಬೇಕು. ನಮ್ಮ ಊರುಗಳಲ್ಲಿ ಎರಡು ಮಾಳಿಗೆಯ ಮನೆ, ಆರು ಕೋಣೆ, ಒಳಗೆ ಇರುವುದು ಇಬ್ಬರು ಮುದುಕರು. ಮೂವರು ಗಂಡು ಮಕ್ಕಳು ಮೂರು ದೇಶದಲ್ಲಿ. ಪೆರ್ನಾಲ್ ದಿನ ಆ ಉಮ್ಮ ಬಿರಿಯಾನಿ ಮಾಡುವುದಿಲ್ಲ. ಇಬ್ಬರಿಗೆ ಏನು ಬಿರಿಯಾನಿ, ಒಂದಿಷ್ಟು ನೈಚೋರು ಸಾಕು ಎನ್ನುತ್ತಾರೆ. ಫೋನ್ ಬಂದಾಗ ಮಾತ್ರ ಎಲ್ಲ ಮಾಡಿದ್ದೇನೆ, ಹೊಟ್ಟೆ ತುಂಬ ತಿಂದೆವು ಎಂದು ಹೇಳುತ್ತಾರೆ. ಆ ಕಡೆಯಿಂದ ಮಗನೂ ಹಾಗೆಯೇ, ಇಲ್ಲಿ ಭಾರೀ ಗಮ್ಮತ್ತು ಉಮ್ಮ ಎನ್ನುತ್ತಾನೆ. ಇಬ್ಬರೂ ಒಬ್ಬರಿಗೊಬ್ಬರು ಬೇಜಾರಾಗಬಾರದೆಂದು ಹೇಳುವ ಮಾತು. ಇಬ್ಬರಿಗೂ ಅದು ಗೊತ್ತು.

ಹೆಂಡತಿಯಂದಿರ ಪೆರ್ನಾಲ್ ಇನ್ನೊಂದು ರೀತಿ. ಮಕ್ಕಳ ಬಟ್ಟೆ, ಗಂಡನ ಮನೆಯ ಅತಿಥಿಗಳು, ಫಿತ್ರ್ ಝಕಾತಿನ ಅಕ್ಕಿ, ಬಲಿಯ ಪೆರ್ನಾಲ್ ಆದರೆ ಉಳ್‌ಹಿಯ್ಯತ್‌ನ ಪಾಲಿನ ಹಣ, ಮಾಂಸ ಹಂಚುವುದು ಎಲ್ಲ ಅವರ ತಲೆಯ ಮೇಲೆ. ಗಂಡಸು ಮಾಡುವ ಕೆಲಸವನ್ನೂ ಮಾಡಿ, ಕೊನೆಗೆ ಊಟಕ್ಕೆ ಕೂರುವಾಗ ಮೂರು ಗಂಟೆ. ಇದನ್ನು ಯಾರೂ ತ್ಯಾಗ ಎಂದು ಕರೆಯುವುದಿಲ್ಲ.

ನಮ್ಮಿಂದ ಆಗುವುದು ಏನು?

ಟಿಕೆಟ್ ದರವನ್ನೂ ಸೌದಿಯ ಶುಲ್ಕವನ್ನೂ ಇಳಿಸಲು ನಮ್ಮಿಂದಾಗುವುದಿಲ್ಲ. ಆದರೆ ಮನೆಯೊಳಗೆ ಆಗುವ ಕೆಲವು ಕೆಲಸ ಉಂಟು.

ಫೋನ್‌ನಲ್ಲಿ ಬಿರಿಯಾನಿಯ ಪಾತ್ರೆ ಮಾತ್ರ ತೋರಿಸಬೇಡಿ. ಹಿಂದಿನ ರಾತ್ರಿ ಪತ್ತಿರ್ ತಟ್ಟುವಾಗಲೇ ಫೋನ್ ಹಚ್ಚಿ ಅಡುಗೆ ಮನೆಯ ಕಪಾಟಿನ ಮೇಲೆ ಇಡಿ. ಮಾತಾಡಬೇಕೆಂದಿಲ್ಲ. ಆ ಗಲಾಟೆ ಅವನಿಗೆ ಕೇಳಲಿ. ಮಸೀದಿಯಿಂದ ಬರುವಾಗ ತಮ್ಮನೋ ಅಳಿಯನೋ ಖಬರ್ ಹತ್ತಿರ ನಿಂತು ಫೋನ್ ಮಾಡಿ, ಇಗೋ ಬಾಪರ ಹತ್ತಿರ ಇದ್ದೇನೆ, ದುಆ ಮಾಡಿ ಕಾಕ ಎನ್ನಲಿ. ಫಿತ್ರ್ ಝಕಾತ್ ಯಾವ ಮನೆಗೆ ಕೊಡುವುದು, ಉಳ್‌ಹಿಯ್ಯತ್ ಮಾಂಸ ಯಾರಿಗೆಲ್ಲ ಎಂಬುದನ್ನು ಅವನಲ್ಲಿ ಕೇಳಿ ತೀರ್ಮಾನಿಸಿ. ಹಣ ಕಳಿಸುವವನಿಗೆ ಮನೆಯ ಯಜಮಾನಿಕೆಯಲ್ಲೂ ಪಾಲಿರಲಿ. ಗಲ್ಫ್‌ನಲ್ಲಿರುವ ತಾಯಂದಿರು ವರ್ಷಕ್ಕೆ ಒಂದು ರಾತ್ರಿಯಾದರೂ ಅಕ್ಕಪಕ್ಕದ ಫ್ಲ್ಯಾಟಿನ ನಾಲ್ಕು ಮನೆಯವರನ್ನು ಸೇರಿಸಿ ನೈಪತ್ತಿರ್ ತಟ್ಟಿ. ಮಕ್ಕಳ ಕೈಗೂ ಒಂದು ಉಂಡೆ ಕೊಡಿ. ಅದು ವಕ್ರವಾದರೂ ತೊಂದರೆ ಇಲ್ಲ. ಅಜ್ಜಿಯಂದಿರ ಅಳತೆ, ಪಾಕ, ಹಾಡು, ಬೈಗುಳ ಏನಿದ್ದರೂ ಈಗಲೇ ಫೋನಿನಲ್ಲಿ ರೆಕಾರ್ಡ್ ಮಾಡಿಡಿ.

ರೂಮಿನಲ್ಲಿರುವವರಿಗೂ ಒಂದು ಮಾತು. ಈ ವರ್ಷ ಹೊಸತಾಗಿ ಬಂದ ಹುಡುಗ ಯಾರಾದರೂ ಪಕ್ಕದ ರೂಮಿನಲ್ಲಿ ಇರಬಹುದು. ಮೊದಲ ಪೆರ್ನಾಲ್ ಅತಿ ಕಷ್ಟದ್ದು. ನಿದ್ದೆ ಆಮೇಲೂ ಮಾಡಬಹುದು, ಅವನನ್ನು ಕರೆದು ಊಟಕ್ಕೆ ಕೂರಿಸಿ.

ಊರಿನಲ್ಲಿ ಇರುವ ನಾವು ಮಾಡಬೇಕಾದ್ದು ಇದಕ್ಕಿಂತಲೂ ಸುಲಭ. ನಮ್ಮ ಜಮಾಅತಿನಲ್ಲಿ ಮಕ್ಕಳೆಲ್ಲ ಹೊರಗಿರುವ ಮನೆಗಳು ಯಾವುವು ಎಂದು ಎಲ್ಲರಿಗೂ ಗೊತ್ತು. ಪೆರ್ನಾಲ್ ದಿನ ಅಲ್ಲಿಗೆ ಮಕ್ಕಳನ್ನು ಕರಕೊಂಡು ಹೋಗಿ. ಹೋಗುವ ಮೊದಲು, ಮಾಮಿ, ನಾವು ಆರು ಜನ ಮಧ್ಯಾಹ್ನಕ್ಕೆ ನಿಮ್ಮಲ್ಲಿಗೆ ಊಟಕ್ಕೆ ಬರುತ್ತೇವೆ ಎಂದು ಹೇಳಿ. ನಿಮ್ಮ ಮನೆಯ ಬಿರಿಯಾನಿಯ ಪಾತ್ರೆ ಒಯ್ಯಬೇಡಿ. ಅವರೇ ಮಾಡಲಿ. ಎಷ್ಟೋ ವರ್ಷದಿಂದ ಅಟ್ಟದಲ್ಲಿರುವ ಆ ದೊಡ್ಡ ಪಾತ್ರೆಯನ್ನು ಇಳಿಸಲು ಹುಡುಗರನ್ನು ಬೆಳಿಗ್ಗೆಯೇ ಕಳಿಸಿಕೊಡಿ.